ಹಲ್ಲು ಜುಮ್ಮೆನ್ನುವುದಕ್ಕೆ ಬಳಸುವ ಔಷಧವಸ್ತುಗಳು

ತಣ್ಣೀರು, ಬಿಸಿ ಕಾಫಿ, ಹುಳಿ, ಸಿಹಿ, ಬಾಯೊಳಗೆ ಎಳೆದುಕೊಂಡ ಗಾಳಿ, ಬ್ರಷ್ಷಿನ ಎಳೆ, ಇವುಗಳಲ್ಲಿ ಯಾವುದಾದರೂ ಸೋಕಿದ ಕ್ಷಣಕ್ಕೆ ಹಲ್ಲಿನಲ್ಲಿ ಚುಳ್ಳೆಂದು ಹುಟ್ಟಿ, ಅದು ದೂರವಾದ ಕೂಡಲೇ ಅಡಗುವ ನೋವಿಗೆ ದಂತವೈದ್ಯರು ಡೆಂಟಿನ್ ಅತಿಸಂವೇದನೆ ಎನ್ನುತ್ತಾರೆ. ಹಾಸನ ಜಿಲ್ಲೆಯ ಹೇಮಾವತಿ ಹೊಳೆಯ ಸೀಮೆಯಲ್ಲಿ, ಗೊರೂರು, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಕಡೆ, ಜನ ಹೇಳುವುದು ‘ಹಲ್ಲು ಜುಮ್ ಅನ್ನುತ್ತೆ’ ಎಂದು. ಹುಳುಕು, ಹಲ್ಲಿನ ಬಿರುಕು, ಸಡಿಲಾದ ಹಳೆಯ ತುಂಬುವಿಕೆ ಮುಂತಾದ ಬೇರೆ ಕಾರಣ ಯಾವುದೂ ಇಲ್ಲವೆಂದು ಖಚಿತವಾದ ಮೇಲೆಯೇ ಈ ಹೆಸರು ಸಲ್ಲುತ್ತದೆ. ಇದಕ್ಕೆ ಬಳಸುವ ಪೇಸ್ಟು, ಲೇಪ, ವಾರ್ನಿಷ್, ಸಿಮೆಂಟುಗಳು ಇಂದು ಹತ್ತಾರು ಬಗೆಯಲ್ಲಿ ಸಿಗುತ್ತವೆ. ಹಲ್ಲಿನ ಮೇಲ್ಮೈಯನ್ನು ಮುಚ್ಚುವ ಶಕ್ತಿ ಇವುಗಳಲ್ಲಿ ಹಲವಕ್ಕಿದೆ. ಹುಣಸೆ ಹಾಕಿದ ಸಾರು, ಅಡಿಕೆ, ಗಟ್ಟಿ ಬ್ರಷ್ಷು ದಿನವೂ ಸವೆಸುವ ಬಾಯಲ್ಲಿ ಆ ಮುಚ್ಚುಗೆ ಎಷ್ಟು ಕಾಲ ನಿಲ್ಲುತ್ತದೆ ಎಂಬುದರ ಮೇಲೆ ಅವುಗಳ ಯೋಗ್ಯತೆಯನ್ನು ಅಳೆಯಬೇಕು.

ನೋವು ಹುಟ್ಟುವ ಬಗೆ

ಹಲ್ಲಿನ ಕಾಣುವ ಭಾಗವನ್ನು ಎನಾಮಲ್ ಹೊದಿಸಿರುತ್ತದೆ. ವಸಡಿನ ಒಳಗಿರುವ ಬೇರಿಗೆ ಸಿಮೆಂಟಮ್ ಎಂಬ ತೆಳುವಾದ ಪದರವಿದೆ. ಎರಡರ ಕೆಳಗೂ ಇರುವುದು ಡೆಂಟಿನ್. ಅದರ ತುಂಬ ಹೊರಮೈಯಿಂದ ನಡುವಿನ ದಂತಮಜ್ಜೆಯವರೆಗೆ ಹಾಯುವ ಸೂಕ್ಷ್ಮನಾಳಗಳಿವೆ. ಮಜ್ಜೆಯ ಹತ್ತಿರ ಒಂದು ಚದರ ಮಿಲಿಮೀಟರಿನಲ್ಲಿ ಸುಮಾರು 45,000ಕ್ಕೂ ಹೆಚ್ಚು ನಾಳಗಳಿದ್ದರೆ ಹೊರಗಡೆ 20,000ದ ಆಸುಪಾಸಿನಲ್ಲಿರುತ್ತವೆ. ಒಂದೊಂದರ ಅಗಲ ಮಜ್ಜೆಯ ಬಳಿ ಸುಮಾರು 2.5 ಮೈಕ್ರಾನ್; ಹೊರಗೆ ಬಂದಂತೆ ಅದು ಒಂದು ಮೈಕ್ರಾನಿಗಿಂತ ಕಿರಿದಾಗುತ್ತದೆ. ನಾಳಗಳಲ್ಲಿ ದ್ರವ ತುಂಬಿರುತ್ತದೆ. ಎನಾಮಲ್ ಸವೆದರೆ ಅಥವಾ ವಸಡು ಕೆಳಗಿಳಿದು ಬೇರು ಹೊರಗೆ ಕಂಡರೆ ಈ ನಾಳಗಳ ಬಾಯಿ ತೆರೆದುಕೊಳ್ಳುತ್ತದೆ.

ದ್ರವದ ಚಲನೆಯೇ ನೋವಿಗೆ ಕಾರಣವಿರಬಹುದೆಂದು ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಗೀಸಿ 1900ರಲ್ಲೇ ಊಹಿಸಿದ್ದರು. ಅದನ್ನು ಪ್ರಯೋಗಗಳಿಂದ ಗಟ್ಟಿಗೊಳಿಸಿದವರು ಸ್ವೀಡನ್ನಿನ ಮಾರ್ಟಿನ್ ಬ್ರಾನ್‌ಸ್ಟ್ರಾಮ್, 1960ರ ದಶಕದಲ್ಲಿ. ತಂಪು, ಗಾಳಿ, ಸಿಹಿ ಇವೆಲ್ಲ ನಾಳದೊಳಗಿನ ದ್ರವವನ್ನು ಹೊರಕ್ಕೆ ಎಳೆಯುತ್ತವೆ. ಆ ಹಠಾತ್ ಸರಿದಾಟ ಮಜ್ಜೆಯ ಅಂಚಿನ ನರಗಳನ್ನು ಕೆಣಕುತ್ತದೆ. ಅಷ್ಟೊಂದು ಬೇರೆಬೇರೆ ವಸ್ತುಗಳಿಗೆ ಒಂದೇ ರೀತಿಯ ನೋವು ಏಕೆ ಎಂಬ ಪ್ರಶ್ನೆಗೆ ಇದು ಉತ್ತರ ಕೊಟ್ಟಿತು. 1987ರಲ್ಲಿ ಬ್ರಿಟನ್ನಿನ ಸಂಶೋಧಕರು ಜುಮ್ಮೆನ್ನುವ ಹಲ್ಲುಗಳನ್ನೂ ಹಾಗೆನ್ನದ ಹಲ್ಲುಗಳನ್ನೂ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಹೋಲಿಸಿದಾಗ, ಮೊದಲನೆಯವುಗಳಲ್ಲಿ ತೆರೆದ ನಾಳಗಳು ಸುಮಾರು ಎಂಟು ಪಟ್ಟು ಹೆಚ್ಚಿದ್ದವು, ಅಗಲವೂ ಸುಮಾರು ಎರಡರಷ್ಟಿತ್ತು. ಕೊಳವೆಯೊಂದರಲ್ಲಿ ದ್ರವದ ಹರಿವು ತ್ರಿಜ್ಯದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಏರುತ್ತದೆ. ಅಗಲ ಎರಡು ಪಟ್ಟಾದರೆ ಹರಿವು ಹದಿನಾರು ಪಟ್ಟು. ಚಿಕಿತ್ಸೆಯ ದೃಷ್ಟಿಯಿಂದ ಇದು ಬಹಳ ಆಶಾದಾಯಕವಾದ ಲೆಕ್ಕ, ಏಕೆಂದರೆ ನಾಳವನ್ನು ಪೂರ್ತಿ ಮುಚ್ಚಲಾಗದಿದ್ದರೂ ಅರ್ಧದಷ್ಟು ಕಿರಿದು ಮಾಡಿದರೆ ನೋವು ಬಹುಪಾಲು ಇಳಿಯಬೇಕು.

ಹೇಮಾವತಿ ದಂಡೆಯ ಬಾಯಿ

ಎನಾಮಲ್ ಕರಗಲು ಬಾಯಿಯ ಪಿಎಚ್ 5.5ರ ಹತ್ತಿರಕ್ಕೆ ಇಳಿಯಬೇಕು. ಡೆಂಟಿನ್ 6ರ ಮೇಲೆಯೇ ಕರಗತೊಡಗುತ್ತದೆ. ಹುಣಸೆಹಣ್ಣಿನ ಮುಖ್ಯ ಆಮ್ಲ ಟಾರ್ಟಾರಿಕ್, ನಿಂಬೆಯದು ಸಿಟ್ರಿಕ್. ಎರಡು ಹೊತ್ತೂ ಸಾರು ಉಣ್ಣುವ ಊರಿನಲ್ಲಿ ಹುಳಿಯನ್ನು ಬಿಡಿ ಎನ್ನುವುದು ಸಾಧ್ಯವೂ ಅಲ್ಲ, ಬೇಕೂ ಇಲ್ಲ. ಊಟದೊಡನೆ ಬರುವ ಹುಳಿಯನ್ನು ಜೊಲ್ಲು ಬಹುಮಟ್ಟಿಗೆ ತೊಳೆಯುತ್ತದೆ. ತೊಂದರೆ ಕೊಡುವುದು ಹೊತ್ತಲ್ಲದ ಹೊತ್ತಿನ ಹುಳಿ: ಬೆಳಿಗ್ಗೆ ಬರಿಹೊಟ್ಟೆಗೆ ಕುಡಿಯುವ ನಿಂಬೆ ನೀರು, ಉಪ್ಪು ಹಚ್ಚಿ ಚೀಪುವ ಹುಣಸೆಕಾಯಿ, ಗುಟುಕು ಗುಟುಕಾಗಿ ಹೀರುವ ಸೋಡಾ. ಹುಳಿ ಸೋಕಿದ ಕೂಡಲೇ ಹಲ್ಲುಜ್ಜಿದರೆ ಮೆದುವಾದ ಮೇಲ್ಮೈ ಬ್ರಷ್ಷಿನೊಂದಿಗೆ ಹೋಗುತ್ತದೆ. ಹೊಟ್ಟೆಯಿಂದ ಹುಳಿತೇಗು ಬರುವವರಲ್ಲಿ ಹಲ್ಲಿನ ಒಳಮೈ ಸವೆದಿರುವುದನ್ನು ದಂತವೈದ್ಯರು ಕಾಣುತ್ತಾರೆ. ಅಂಥವರಿಗೆ ಪೇಸ್ಟಿಗಿಂತ ಮೊದಲು ಹೊಟ್ಟೆಗೆ ಔಷಧ ಬೇಕು.

ಎಲೆಅಡಿಕೆ ಇನ್ನೊಂದು ಕಾರಣ. ವರ್ಷಗಟ್ಟಲೆ ಗಟ್ಟಿ ಅಡಿಕೆ ಅಗಿದವರ ದವಡೆಹಲ್ಲುಗಳ ಮೇಲ್ಮೈ ತಟ್ಟೆಯಂತೆ ಚಪ್ಪಟೆಯಾಗಿ, ನಡುವೆ ಹಳದಿ ಡೆಂಟಿನ್ ಬಯಲಾಗಿರುತ್ತದೆ. ಜೊತೆಗೆ ಹೊಗೆಸೊಪ್ಪಿದ್ದರೆ ಅದನ್ನು ಒತ್ತಿಟ್ಟುಕೊಳ್ಳುವ ಕಡೆ ವಸಡು ಇಳಿಯುತ್ತದೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ತಂಬಾಕು ಹರಾಜು ಮಾರುಕಟ್ಟೆಯೇ ಇದ್ದರೂ ಅಲ್ಲಿ ಬಿಕರಿಯಾಗುವುದು ಸಿಗರೇಟಿಗೆ ಹೋಗುವ ವರ್ಜೀನಿಯಾ ತಂಬಾಕು. ಬಾಯಿಗೆ ಬೀಳುವುದು ಅಂಗಡಿಯ ಕಡ್ಡಿಪುಡಿ. ಹಲ್ಲುಪುಡಿ, ಪೇಸ್ಟುಗಳಿಗೆ ತಂಬಾಕು ಬೆರೆಸುವುದನ್ನು ಭಾರತ ಸರ್ಕಾರ 1992ರಲ್ಲಿ ನಿಷೇಧಿಸಿತು. ಸರಿಯಾದ ಕ್ರಮ ಅದು; ಕಡ್ಡಿಪುಡಿಯನ್ನೇ ಬೆರಳಲ್ಲಿ ಉಜ್ಜುವ ಅಭ್ಯಾಸ ಮಾತ್ರ ಕಾಯಿದೆಯ ಕೈಗೆ ಸಿಕ್ಕದೆ ಉಳಿದಿದೆ.

ಹಲ್ಲುಜ್ಜುವ ಸಾಮಗ್ರಿಯದೂ ದೊಡ್ಡ ಪಾಲು. ಇದ್ದಿಲು, ಉಪ್ಪು, ಬೂದಿ, ಇಟ್ಟಿಗೆಪುಡಿಗಳ ಕಾಲ ಬಹುಮಟ್ಟಿಗೆ ಮುಗಿದರೂ ಅವುಗಳಲ್ಲಿ ಉಜ್ಜಿದ ಹಲ್ಲುಗಳು ಇನ್ನೂ ಹಿರಿಯರ ಬಾಯಲ್ಲಿವೆ. ಹಳೆ ಮೈಸೂರಿನಲ್ಲಿ ತಯಾರಾದ ಹಲ್ಲುಪುಡಿಗೆ ತನ್ನದೇ ಚರಿತ್ರೆಯಿದೆ: ಬಿ. ವಿ. ಪಂಡಿತರು 1913ರಲ್ಲಿ ನಂಜನಗೂಡಿನಲ್ಲಿ ಕಟ್ಟಿದ ಸದ್ವೈದ್ಯಶಾಲೆಯ ಹಲ್ಲುಪುಡಿ ಮನೆಮನೆಯ ಬಚ್ಚಲಿನ ಗೂಡಿನಲ್ಲಿತ್ತು. ಇಂದಿನ ಪೇಸ್ಟುಗಳ ಉಜ್ಜುಶಕ್ತಿಯನ್ನು ಆರ್‌ಡಿಎ ಎಂಬ ಅಂಕದಲ್ಲಿ ಅಳೆಯುತ್ತಾರೆ. ಅಂತರರಾಷ್ಟ್ರೀಯ ಮಾನಕದ ಮೇಲ್ಮಿತಿ 250. ಜುಮ್ಮೆನ್ನುವ ಹಲ್ಲಿನವರು ಕಡಿಮೆ ಅಂಕದ ಪೇಸ್ಟನ್ನೂ ಮೆದು ಬ್ರಷ್ಷನ್ನೂ ಆರಿಸಬೇಕು. ಅಡ್ಡಡ್ಡಲಾಗಿ ಬಲವಾಗಿ ಉಜ್ಜುವವರಿಗೆ ವಸಡಿನ ಅಂಚಿನಲ್ಲಿ ಬೆಣೆ ಹೊಡೆದಂಥ ಕಚ್ಚು ಬೀಳುತ್ತದೆ. ಬಲಗೈಯವರಲ್ಲಿ ಅದು ಸಾಮಾನ್ಯವಾಗಿ ಎಡಗಡೆಯ ಕೋರೆಹಲ್ಲು ಮತ್ತು ಅದರ ಹಿಂದಿನ ಹಲ್ಲುಗಳಲ್ಲಿ ಆಳವಾಗಿರುತ್ತದೆ.

ಎರಡು ದಾರಿಗಳು

ಒಳ್ಳೆಯ ಔಷಧಕ್ಕೆ ಇರಬೇಕಾದ ಗುಣಗಳನ್ನು ಅಮೆರಿಕದ ಲೂಯಿ ಗ್ರಾಸ್‌ಮನ್ 1935ರಲ್ಲಿ ಪಟ್ಟಿ ಮಾಡಿದರು. ಮಜ್ಜೆಗೆ ಕಿರುಕುಳ ಕೊಡಬಾರದು, ಹಚ್ಚುವಾಗ ನೋಯಬಾರದು, ಹಚ್ಚುವುದು ಸುಲಭವಿರಬೇಕು, ಬೇಗ ಕೆಲಸ ಮಾಡಬೇಕು, ಬಹುಕಾಲ ನಿಲ್ಲಬೇಕು, ಹಲ್ಲಿಗೆ ಕಲೆ ಹತ್ತಬಾರದು, ಪ್ರತಿಸಲವೂ ಫಲ ಕೊಡಬೇಕು. ತೊಂಬತ್ತು ವರ್ಷ ಕಳೆದರೂ ಈ ಎಲ್ಲವನ್ನೂ ಪೂರೈಸಿದ ವಸ್ತು ಬಂದಿಲ್ಲ. ಆ ಕಾಲದಲ್ಲಿ ಬಳಕೆಯಲ್ಲಿದ್ದ ಸಿಲ್ವರ್ ನೈಟ್ರೇಟ್, ಫಾರ್ಮಲಿನ್, ಜಿಂಕ್ ಕ್ಲೋರೈಡುಗಳಿಗೆ ಹೋಲಿಸಿದರೆ ಇಂದಿನವು ಬಹಳ ಸೌಮ್ಯ. ಅವುಗಳ ಕೆಲಸದ ದಾರಿ ಎರಡೇ: ನರವನ್ನು ಶಮನಗೊಳಿಸುವುದು, ಇಲ್ಲವೇ ನಾಳದ ಬಾಯಿಯನ್ನು ಮುಚ್ಚುವುದು.

ನರ ಶಮನದ ದಾರಿಯಲ್ಲಿ ಮುಖ್ಯವಾದದ್ದು ಪೊಟ್ಯಾಸಿಯಂ ನೈಟ್ರೇಟ್, ಅಂದರೆ ಮದ್ದಿನ ಪುಡಿಗೆ ಬೆರೆಸುವ ಪೆಟ್ಲುಪ್ಪು. ಅದನ್ನು ಹಲ್ಲಿಗೆ ಬಳಸಬಹುದೆಂದು ಅಮೆರಿಕದ ಮಿಲ್ಟನ್ ಹೊಡಾಷ್ 1974ರಲ್ಲಿ ವರದಿ ಮಾಡಿದರು. ಪೇಸ್ಟಿನಲ್ಲಿ ಅದರ ಪ್ರಮಾಣ ಶೇ. 5. ಪೊಟ್ಯಾಸಿಯಂ ಅಯಾನುಗಳು ನಾಳದೊಳಗೆ ಇಳಿದು ನರದ ಸುತ್ತ ಶೇಖರವಾದರೆ ಅದು ಮತ್ತೆ ಮತ್ತೆ ಸಂಕೇತ ಕಳಿಸುವ ಸ್ಥಿತಿಗೆ ಮರಳಲಾರದು. ಶೇಖರವಾಗಲು ಕಾಲ ಬೇಕು. ದಿನಕ್ಕೆ ಎರಡು ಸಲದಂತೆ ಎರಡರಿಂದ ನಾಲ್ಕು ವಾರ ಬಳಸಿದ ಮೇಲಷ್ಟೇ ಗುಣ ಕಾಣುತ್ತದೆ. ನಾಲ್ಕು ದಿನ ಉಜ್ಜಿ ‘ಇದರಿಂದ ಏನೂ ಆಗಲಿಲ್ಲ’ ಎಂದು ಟ್ಯೂಬನ್ನು ಮೂಲೆಗಿಡುವವರು ಬಹಳ. ವಾರಗಳ ಲೆಕ್ಕವನ್ನು ಮೆಡಿಕಲ್ ಸ್ಟೋರಿನವರಾದರೂ ಹೇಳಿಕೊಡಬೇಕು. ಪೊಟ್ಯಾಸಿಯಂ ಪೇಸ್ಟುಗಳ ಬಗ್ಗೆ 2006ರಲ್ಲಿ ಬಂದ, ವೈದ್ಯಕೀಯ ಪರೀಕ್ಷೆಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ವಿಮರ್ಶೆ ಗಟ್ಟಿ ಪುರಾವೆ ಸಾಲದು ಎಂದಿತು. ನಂತರದ ವಿಮರ್ಶೆಗಳು ಇದಕ್ಕಿಂತ ಅನುಕೂಲಕರವಾಗಿವೆ. ಈ ನೋವಿನ ಪರೀಕ್ಷೆಗಳಲ್ಲಿ ಬರಿಯ ಪೇಸ್ಟು ಉಜ್ಜಿದವರಿಗೂ ಗಣನೀಯವಾಗಿ ಗುಣ ಕಾಣುವುದರಿಂದ ಯಾವ ವಸ್ತುವಿನ ನಿಜವಾದ ಬಲವನ್ನು ಬೇರ್ಪಡಿಸುವುದೂ ಸುಲಭವಲ್ಲ. ಪೊಟ್ಯಾಸಿಯಂ ನೈಟ್ರೇಟಿನ ಒಂದು ಅನುಕೂಲವೆಂದರೆ ಅದು ಫ್ಲೋರೈಡಿನೊಂದಿಗೆ ಹೊಂದಿಕೊಳ್ಳುತ್ತದೆ, ಅಗ್ಗವೂ ಹೌದು. ಹನ್ನೆರಡು ವರ್ಷದೊಳಗಿನವರಿಗೆ ವೈದ್ಯರ ಸಲಹೆಯಿಲ್ಲದೆ ಕೊಡಬಾರದು.

ಮುಚ್ಚುವ ವಸ್ತುಗಳು

ಇವುಗಳಲ್ಲಿ ಹಳೆಯವುಗಳಲ್ಲೊಂದು ಸ್ಟ್ರಾನ್ಷಿಯಂ ಕ್ಲೋರೈಡ್. 1961ರಲ್ಲಿ ಸೆನ್ಸೋಡೈನ್ ಹೆಸರಿನಲ್ಲಿ ಬಂದ ಪೇಸ್ಟಿನಲ್ಲಿ ಇದು ಶೇ. 10ರಷ್ಟಿತ್ತು. ಸೋಡಿಯಂ ಫ್ಲೋರೈಡಿನೊಡನೆ ಸೇರಿದರೆ ಗಸಿಯಾಗಿ ಕುಳಿತುಬಿಡುವ ಕಾರಣ ಅಂಥ ಪೇಸ್ಟುಗಳಲ್ಲಿ ಫ್ಲೋರೈಡ್ ಇರುತ್ತಿರಲಿಲ್ಲ. ಸ್ಟ್ಯಾನಸ್ ಫ್ಲೋರೈಡ್, ಅಂದರೆ ತವರದ ಫ್ಲೋರೈಡ್, ಶೇ. 0.454ರ ಪ್ರಮಾಣದಲ್ಲಿ ನಾಳದ ಬಾಯಿಗೆ ತವರದ ಲವಣಗಳ ಪದರ ಕಟ್ಟುತ್ತದೆ. ಆಮ್ಲಕ್ಕೆ ಅದು ಚೆನ್ನಾಗಿ ತಾಳಿಕೊಳ್ಳುತ್ತದೆ. ಹಳೆಯ ತಯಾರಿಕೆಗಳಲ್ಲಿ ಕಂದು ಕಲೆ ಹತ್ತುತ್ತಿತ್ತು.

ಆರ್ಜಿನೈನ್ ನಮ್ಮ ಜೊಲ್ಲಿನಲ್ಲೇ ಇರುವ ಅಮೈನೊ ಆಮ್ಲ. ನ್ಯೂಯಾರ್ಕಿನ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದಲ್ಲಿ ಇಸ್ರೇಲ್ ಕ್ಲೈನ್‌ಬರ್ಗ್ ಅವರ ಸಂಶೋಧನೆಯಿಂದ ಹೊರಬಂದು, ಕೋಲ್ಗೇಟ್ ಕಂಪನಿಯ ಪೇಸ್ಟಾಗಿ ಮಾರುಕಟ್ಟೆಗೆ ಬಂತು. ಶೇ. 8ರಷ್ಟು ಆರ್ಜಿನೈನ್, ಜೊತೆಗೆ ಕ್ಯಾಲ್ಸಿಯಂ ಕಾರ್ಬೊನೇಟ್. ಧನಾವೇಶದ ಆರ್ಜಿನೈನ್ ಋಣಾವೇಶದ ಡೆಂಟಿನ್‌ಗೆ ಅಂಟುತ್ತದೆ, ಕ್ಯಾಲ್ಸಿಯಂ ಮತ್ತು ಫಾಸ್ಫೇಟನ್ನು ನಾಳದ ಬಾಯಿಗೆ ಎಳೆದು ಕೂರಿಸುತ್ತದೆ. ಬೆರಳ ತುದಿಗೆ ಸ್ವಲ್ಪ ತೆಗೆದುಕೊಂಡು, ಜುಮ್ಮೆನ್ನುವ ಹಲ್ಲಿನ ಬುಡಕ್ಕೆ ಒಂದು ನಿಮಿಷ ಮೆಲ್ಲಗೆ ತಿಕ್ಕಿದರೆ ಕೂಡಲೇ ಸ್ವಲ್ಪ ಬಿಡುವು ಸಿಗುತ್ತದೆ. ಹಲ್ಲಿಗೆ ಬೆರಳು ಹಾಕುವುದು ನಮ್ಮವರಿಗೆ ಹೊಸದಲ್ಲ. ಈ ಪೇಸ್ಟಿಗೆ ಆ ಅಭ್ಯಾಸ ನೆರವಾಗುತ್ತದೆ.

ಎಲ್ಲಕ್ಕಿಂತ ಕುತೂಹಲದ ಕಥೆ ಜೈವಿಕ ಗಾಜಿನದು. ಫ್ಲೋರಿಡಾ ವಿಶ್ವವಿದ್ಯಾಲಯದ ಲ್ಯಾರಿ ಹೆಂಚ್ 1969ರಲ್ಲಿ, ಮುರಿದ ಮೂಳೆಗೆ ಬೆಸೆದುಕೊಳ್ಳುವ ಗಾಜೊಂದನ್ನು ಮಾಡಿದರು. ತೂಕದಲ್ಲಿ ಶೇ. 45 ಸಿಲಿಕಾ, ಶೇ. 24.5ರಂತೆ ಸೋಡಿಯಂ ಮತ್ತು ಕ್ಯಾಲ್ಸಿಯಂ ಆಕ್ಸೈಡು, ಶೇ. 6 ಫಾಸ್ಫರಸ್ ಪೆಂಟಾಕ್ಸೈಡ್. ಅದನ್ನೇ ನುಣ್ಣಗೆ ಪುಡಿ ಮಾಡಿ ಪೇಸ್ಟಿಗೆ ಬೆರೆಸಿದಾಗ ನೋವಾಮಿನ್ ಹುಟ್ಟಿತು. ಜೊಲ್ಲು ತಾಗಿದೊಡನೆ ಪುಡಿಯ ಕಣದಿಂದ ಸೋಡಿಯಂ ಹೊರಬಿದ್ದು ಪಿಎಚ್ ಏರುತ್ತದೆ, ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಬಿಡುಗಡೆಯಾಗಿ ನಾಳದೊಳಗೇ ಹಲ್ಲಿನ ಖನಿಜದಂಥ ಅಪಟೈಟ್ ಹರಳು ಕಟ್ಟುತ್ತದೆ. ಮೂಳೆಯ ಶಸ್ತ್ರಚಿಕಿತ್ಸೆಗೆಂದು ಹುಟ್ಟಿದ ವಸ್ತು ಬಚ್ಚಲುಮನೆಗೆ ಬಂದದ್ದು ವಸ್ತುವಿಜ್ಞಾನದ ಒಂದು ಸೊಗಸಾದ ಪ್ರಸಂಗ. ಈ ಗಾಜಿಗೆ ಫ್ಲೋರೈಡನ್ನೂ ಸೇರಿಸಿ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಹಿಲ್ ಮತ್ತು ಸಂಗಡಿಗರು ಬಯೋಮಿನ್ ಎಫ್ ರೂಪಿಸಿದರು. ಅದರಿಂದ ಕಟ್ಟುವುದು ಫ್ಲೋರ್ ಅಪಟೈಟ್, ಸಾದಾ ಅಪಟೈಟಿಗಿಂತ ಆಮ್ಲಕ್ಕೆ ಹೆಚ್ಚು ಗಟ್ಟಿ. ಭಾರತದಲ್ಲಿ ಅದನ್ನು ಎಲ್ಸೆಂಝ್ ಎಂಬ ಹೆಸರಿನಲ್ಲಿ ತಂದದ್ದು ಗ್ರೂಪ್ ಫಾರ್ಮಾಸ್ಯುಟಿಕಲ್ಸ್. ಹುಳಿ ಉಣ್ಣುವ ಬಾಯಿಗೆ ಆಮ್ಲ ತಡೆಯುವ ಹರಳು ಬೇಕು ಎಂಬ ಕಾರಣಕ್ಕೆ ಪೇಸ್ಟುಗಳ ಪೈಕಿ ಈ ಗುಂಪಿಗೆ ಮತ್ತು ಸ್ಟ್ಯಾನಸ್ ಫ್ಲೋರೈಡಿಗೆ ಹೆಚ್ಚಿನ ಮಹತ್ವ ಕೊಡುವುದು ನ್ಯಾಯ. ಬೆಲೆ ಹೆಚ್ಚೆಂಬುದು ಇವುಗಳ ಕೊರತೆ.

ಹಾಲಿನ ಕೇಸೀನಿನಿಂದ ತೆಗೆದ ಪೆಪ್ಟೈಡುಗಳಲ್ಲಿ ಕ್ಯಾಲ್ಸಿಯಂ ಫಾಸ್ಫೇಟನ್ನು ಹಿಡಿದಿಟ್ಟ ಮುಲಾಮನ್ನು ಮೆಲ್ಬರ್ನ್ ವಿಶ್ವವಿದ್ಯಾಲಯದ ಎರಿಕ್ ರೆನಾಲ್ಡ್ಸ್ ರೂಪಿಸಿದರು. ಹಾಲಿನ ಪ್ರೋಟೀನ್ ಒಗ್ಗದವರು ಅದನ್ನು ಬಳಸಕೂಡದು. ಜಪಾನಿನಲ್ಲಿ 1980ರಿಂದ ಪೇಸ್ಟಿನಲ್ಲಿರುವ ಹೈಡ್ರಾಕ್ಸಿ ಅಪಟೈಟ್ ಕಣಗಳೂ ಈಗ ಇಲ್ಲಿ ಸಿಗುತ್ತವೆ.

ಭಾರತದಲ್ಲಿ ಪೇಸ್ಟಿನ ಫ್ಲೋರೈಡ್ 1,000 ಪಿಪಿಎಂ ಮೀರುವಂತಿಲ್ಲ. ಪಾವಗಡದ ಕಡೆಯವರಂತೆ, ಹಾಸನ ಜಿಲ್ಲೆಯಲ್ಲೇ ಅರಸೀಕೆರೆ ಸೀಮೆಯವರಂತೆ ಕೊಳವೆಬಾವಿಯ ಫ್ಲೋರೈಡ್ ನೀರನ್ನು ಕಂಡವರಿಗೆ ಪೇಸ್ಟಿನ ಫ್ಲೋರೈಡೂ ಭಯ ಹುಟ್ಟಿಸುತ್ತದೆ. ಹಲ್ಲು ಕಲೆಗಟ್ಟುವುದು ಹಲ್ಲು ಮೂಡುವ ವಯಸ್ಸಿನಲ್ಲಿ ನುಂಗಿದ ಫ್ಲೋರೈಡಿನಿಂದ. ದೊಡ್ಡವರು ಹೊರಗಿನಿಂದ ಹಚ್ಚಿ ಉಗುಳುವ ಪೇಸ್ಟಿನಿಂದ ಆ ಅಪಾಯವಿಲ್ಲ. ಚಿಕ್ಕ ಮಕ್ಕಳಿಗೆ ಕಾಳಿನಷ್ಟು ಪೇಸ್ಟು ಹಾಕಿ, ಉಗುಳುವುದನ್ನು ಕಲಿಸಿದರೆ ಸಾಕು.

ವೈದ್ಯರ ಕೈಯಲ್ಲಿನ ವಸ್ತುಗಳು

ಫ್ಲೋರೈಡ್ ವಾರ್ನಿಷ್ 1964ರಲ್ಲಿ ಜರ್ಮನಿಯಲ್ಲಿ ಹುಟ್ಟಿದ್ದು. ರಾಳದಲ್ಲಿ ಶೇ. 5 ಸೋಡಿಯಂ ಫ್ಲೋರೈಡ್, ಅಂದರೆ 22,600 ಪಿಪಿಎಂ. ಹಚ್ಚುವ ವಿಧಾನ ಸರಳ. ಹಲ್ಲಿನ ಮೇಲಿನ ಪಾಚಿ ತೆಗೆದು, ಕೆನ್ನೆಯ ಕಡೆ ಹತ್ತಿ ಸುರುಳಿ ಇಟ್ಟು, ಹಲ್ಲನ್ನು ಒರೆಸಿ, ಪುಟ್ಟ ಕುಂಚದಲ್ಲಿ ತೆಳ್ಳಗೆ ಬಳಿಯುತ್ತಾರೆ. ಗಾಳಿ ಊದುವ ಯಂತ್ರವಿದ್ದರೂ ಜುಮ್ಮೆನ್ನುವವರಿಗೆ ಅದನ್ನು ಬಳಸದೆ ಹತ್ತಿಯಲ್ಲೇ ಒರೆಸುವ ವೈದ್ಯರು ದಯಾಳುಗಳು. ಜೊಲ್ಲು ತಾಗಿದೊಡನೆ ವಾರ್ನಿಷ್ ಗಟ್ಟಿಯಾಗುತ್ತದೆ, ಹಲ್ಲು ಒಂದು ದಿನ ಹಳದಿಯಾಗಿ ಕಾಣುತ್ತದೆ. ಅಂದು ಗಟ್ಟಿ ಪದಾರ್ಥ ತಿನ್ನಬಾರದು, ಮರುದಿನ ಬೆಳಗಿನವರೆಗೆ ಉಜ್ಜಬಾರದು. ಪದರ ಹೋದರೂ ನಾಳದ ಬಾಯಲ್ಲಿ ಕ್ಯಾಲ್ಸಿಯಂ ಫ್ಲೋರೈಡ್ ಉಳಿಯುತ್ತದೆ. ಕೆಲವು ತಿಂಗಳಿಗೊಮ್ಮೆ ಮತ್ತೆ ಹಚ್ಚಬೇಕಾಗುತ್ತದೆ. ಪಾಚಿ ತೆಗೆಸಿದ ಮೇಲೆ ಹಲ್ಲು ಜುಮ್ಮೆಂದು, ‘ಕ್ಲೀನ್ ಮಾಡಿಸಿದ್ದಕ್ಕೇ ಹಲ್ಲು ಹಾಳಾಯಿತು’ ಎಂದು ಮತ್ತೆ ಆಸ್ಪತ್ರೆಯ ಕಡೆ ತಲೆಹಾಕದವರು ಊರೂರಿನಲ್ಲಿದ್ದಾರೆ. ಪಾಚಿಯಡಿ ಮುಚ್ಚಿದ್ದ ಬೇರು ಬಯಲಾದದ್ದರಿಂದ ಕೆಲವು ದಿನ ಹಾಗಾಗುವುದು ಸಹಜ. ಪಾಚಿ ತೆಗೆದ ಕೂಡಲೇ ವಾರ್ನಿಷ್ ಬಳಿಯುವ ಪದ್ಧತಿ ಎಲ್ಲ ಕಡೆ ಬಂದರೆ ಆ ಅಂಜಿಕೆ ಬಹುಮಟ್ಟಿಗೆ ಹೋಗುತ್ತದೆ.

ಸಿಲ್ವರ್ ಡೈಅಮೈನ್ ಫ್ಲೋರೈಡ್ ಇನ್ನೂ ತೀಕ್ಷ್ಣ: ಶೇ. 38ರ ದ್ರಾವಣದಲ್ಲಿ 44,800 ಪಿಪಿಎಂ ಫ್ಲೋರೈಡ್. ಜಪಾನಿನಲ್ಲಿ 1970ರಿಂದ ಬಳಕೆಯಲ್ಲಿದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2014ರಲ್ಲಿ ಅನುಮತಿಸಿದ್ದು ಜುಮ್ಮೆನ್ನುವ ಹಲ್ಲಿನ ಔಷಧವೆಂದೇ. ಹುಳುಕು ತಡೆಯಲು ಅದನ್ನು ಬಳಸುವುದು ಅದಕ್ಕಿಂತ ಪ್ರಸಿದ್ಧವಾಯಿತು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಅಗತ್ಯ ಔಷಧಗಳ ಪಟ್ಟಿಗೆ ಇದನ್ನೂ, ಫ್ಲೋರೈಡ್ ಪೇಸ್ಟನ್ನೂ, ಗ್ಲಾಸ್ ಅಯನೊಮರ್ ಸಿಮೆಂಟನ್ನೂ ಸೇರಿಸಿತು. ಹುಳುಕಿರುವ ಭಾಗವನ್ನು ಶಾಶ್ವತವಾಗಿ ಕಪ್ಪು ಮಾಡುವುದರಿಂದ ಮುಂದಿನ ಹಲ್ಲುಗಳಿಗೆ ಒಲ್ಲದ ಮದ್ದು. ಹಿಂದಿನ ದವಡೆಹಲ್ಲಿಗೆ, ವಯಸ್ಸಾದವರ ಬಯಲು ಬೇರಿಗೆ ಕಡಿಮೆ ಖರ್ಚಿನಲ್ಲಿ ಇದಕ್ಕಿಂತ ಒಳ್ಳೆಯದು ವಿರಳ.

ಗ್ಲುಟರಾಲ್ಡಿಹೈಡ್ ಮತ್ತು ಹೇಮಾ ಎಂಬ ರಾಳದ ದ್ರಾವಣ ನಾಳದೊಳಗಿನ ದ್ರವದ ಪ್ರೋಟೀನನ್ನು ಹೆಪ್ಪುಗಟ್ಟಿಸಿ ತಡೆ ನಿರ್ಮಿಸುತ್ತದೆ. ವಸಡಿಗೆ ತಾಗಿದರೆ ಸುಡುವುದರಿಂದ ಪಳಗಿದ ಕೈ ಬೇಕು. ಆಕ್ಸಲೇಟ್ ಲವಣಗಳು ಕ್ಯಾಲ್ಸಿಯಂನೊಡನೆ ಸೇರಿ ಹರಳು ಕಟ್ಟುತ್ತವೆ. ಆಮ್ಲಕ್ಕೆ ಸುಲಭವಾಗಿ ಕರಗದಿರುವುದು ಅವುಗಳ ಗುಣ. ಲೇಸರ್ ಚಿಕಿತ್ಸೆ ನಗರಗಳಲ್ಲಿ ಪ್ರಚಾರದಲ್ಲಿದೆ. ಅದರ ಖರ್ಚಿಗೆ ತಕ್ಕಷ್ಟು ಹೆಚ್ಚಿನ ಫಲವಿದೆಯೆಂದು ಹೇಳಲಾಗದು.

ಹಲ್ಲಿನ ಬುಡದಲ್ಲಿ ಕಚ್ಚು ಆಳವಾಗಿದ್ದರೆ ಲೇಪಗಳು ಸಾಲವು, ತುಂಬಿಸಬೇಕು. ಲಂಡನ್ನಿನಲ್ಲಿ ಆಲನ್ ವಿಲ್ಸನ್ ಮತ್ತು ಬ್ರಯಾನ್ ಕೆಂಟ್ 1969ರಲ್ಲಿ ಕಂಡುಹಿಡಿದ ಗ್ಲಾಸ್ ಅಯನೊಮರ್ ಸಿಮೆಂಟು ಹಲ್ಲಿಗೆ ರಾಸಾಯನಿಕವಾಗಿ ಅಂಟುತ್ತದೆ, ಸ್ವಲ್ಪ ತೇವವನ್ನು ಸಹಿಸುತ್ತದೆ, ಫ್ಲೋರೈಡನ್ನು ನಿಧಾನವಾಗಿ ಬಿಡುತ್ತದೆ. ಪುಡಿಯನ್ನೂ ದ್ರವವನ್ನೂ ಕಾಗದದ ಮೇಲೆ ಕಲಸಿ ಕೈಯುಪಕರಣದಲ್ಲೇ ತುಂಬಬಹುದಾದ್ದರಿಂದ ಕರೆಂಟು ಹೋದರೂ ಕೆಲಸ ನಿಲ್ಲದು. ಬಣ್ಣ ಮುಖ್ಯವಾದ ಮುಂಭಾಗದಲ್ಲಿ ಕಾಂಪೊಸಿಟ್ ರಾಳವನ್ನು ಆರಿಸುತ್ತಾರೆ.

ಆಯುರ್ವೇದ ಮತ್ತು ಮನೆಮದ್ದು

ತಂಪಿನ ಸ್ಪರ್ಶ ಸಹಿಸದ ಹಲ್ಲಿನ ಬಾಧೆಯನ್ನು ಸುಶ್ರುತ ಸಂಹಿತೆ ದಂತಹರ್ಷವೆಂದು ಗುರುತಿಸಿ, ಬೆಚ್ಚಗಿನ ಸ್ನೇಹದ್ರವ್ಯಗಳನ್ನು, ಅಂದರೆ ಎಣ್ಣೆ ತುಪ್ಪಗಳನ್ನು, ಬಾಯಲ್ಲಿ ತುಂಬಿ ಮುಕ್ಕಳಿಸುವ ಕವಲವನ್ನು ಹೇಳುತ್ತದೆ. ಹಾಸನದ ತಣ್ಣೀರುಹಳ್ಳದಲ್ಲಿರುವ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಕಾಲೇಜಿನಂಥ ಸಂಸ್ಥೆಗಳಲ್ಲಿ ಬಾಯಿಯ ರೋಗಗಳು ಶಾಲಾಕ್ಯತಂತ್ರವೆಂಬ ಶಾಖೆಯ ಪಾಠಕ್ಕೆ ಸೇರಿವೆ. ಎಣ್ಣೆ ಮುಕ್ಕಳಿಸುವುದರಿಂದ ಹಾನಿಯಿಲ್ಲ, ಬಾಯಿ ಒಣಗುವವರಿಗೆ ಹಿತವೂ ಹೌದು. ಲವಂಗದೆಣ್ಣೆಯ ಯೂಜಿನಾಲ್ ನೋವು ಮಂಕು ಮಾಡುತ್ತದೆ. ಅದು ಹುಳುಕಿನ ನೋವಿಗೆ ತಾತ್ಕಾಲಿಕ ಮದ್ದೇ ಹೊರತು ತೆರೆದ ನಾಳವನ್ನು ಮುಚ್ಚದು. ನಿಂಬೆರಸ ಅಡುಗೆಸೋಡಾ ಬೆರೆಸಿ ಉಜ್ಜುವುದು, ಇದ್ದಿಲಿನಿಂದ ಬಿಳುಪು ಮಾಡುವುದು ಮುಂತಾದ ಈಚಿನ ಸಲಹೆಗಳನ್ನು ಜುಮ್ಮೆನ್ನುವ ಹಲ್ಲಿನವರು ಖಂಡಿತ ದೂರವಿಡಬೇಕು.

ಆಯ್ಕೆಯ ಕ್ರಮ

ಗೊರೂರಿನಿಂದ ಹಾಸನಕ್ಕೆ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ಆಚೀಚೆಯ ದಾರಿ. ಅಲ್ಲಿ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆ ಇದೆ, ವಿದ್ಯಾನಗರದಲ್ಲಿ ಶ್ರೀ ಹಾಸನಾಂಬ ದಂತ ವೈದ್ಯಕೀಯ ಕಾಲೇಜಿದೆ. ಕೂಲಿ ಬಿಟ್ಟು ಹೋಗಬೇಕಾದವರಿಗೆ ಒಂದೊಂದು ಭೇಟಿಯೂ ಖರ್ಚು. ಆದ್ದರಿಂದ ಮನೆಯಲ್ಲೇ ಆಗುವುದನ್ನು ಮೊದಲು ಮಾಡುವುದು ಸರಿ: ಮೆದು ಬ್ರಷ್ಷು, ಹಗುರ ಕೈ, ಹುಳಿ ತಿಂದೊಡನೆ ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ ಅರ್ಧ ಗಂಟೆ ಕಳೆದು ಉಜ್ಜುವುದು, ಒಂದೇ ಬಗೆಯ ಔಷಧ ಪೇಸ್ಟನ್ನು ಪಟ್ಟು ಹಿಡಿದು ನಾಲ್ಕು ವಾರ ಬಳಸುವುದು. ಉಜ್ಜಿದ ಮೇಲೆ ನೊರೆ ಉಗುಳಿ, ನೀರಿನಲ್ಲಿ ಮತ್ತೆ ಮತ್ತೆ ಮುಕ್ಕಳಿಸದೆ ಬಿಟ್ಟರೆ ಔಷಧ ಹೆಚ್ಚು ಹೊತ್ತು ನಿಲ್ಲುತ್ತದೆ. ಅದಕ್ಕೂ ಬಗ್ಗದಿದ್ದರೆ ವಾರ್ನಿಷ್, ಕಚ್ಚಿದ್ದರೆ ಸಿಮೆಂಟು. ವಸಡು ಬಹಳ ಇಳಿದಿದ್ದರೆ ಅಂಗುಳಿನ ಅಂಗಾಂಶ ತಂದು ಬೇರು ಮುಚ್ಚುವ ಶಸ್ತ್ರಚಿಕಿತ್ಸೆಯೂ ಉಂಟು.

ವೈದ್ಯರು ಗಾಳಿ ಊದಿ, ನೋವನ್ನು ಸೊನ್ನೆಯಿಂದ ಮೂರರವರೆಗೆ ಶಿಫ್ ಅಂಕದಲ್ಲಿ ಬರೆದುಕೊಂಡರೆ ಮುಂದಿನ ಭೇಟಿಯಲ್ಲಿ ಗುಣವಾಗಿದೆಯೇ ಎಂದು ಹೋಲಿಸಲು ಆಧಾರವಿರುತ್ತದೆ. ತಣ್ಣೀರು ನುಂಗಿದ ಮೇಲೂ ನೋವು ನಿಮಿಷಗಟ್ಟಲೆ ನಿಂತರೆ, ರಾತ್ರಿ ತಾನಾಗಿ ಎದ್ದು ನಿದ್ದೆ ಕೆಡಿಸಿದರೆ, ಒಂದೇ ಹಲ್ಲಿನಲ್ಲಿ ಕಚ್ಚಿದಾಗ ಚುಚ್ಚಿದರೆ ಅದು ಈ ಲೇಖನದ ವ್ಯಾಪ್ತಿಯ ತೊಂದರೆಯಲ್ಲ. ಮಜ್ಜೆಯಲ್ಲಿ ಉರಿಯೂತ ಬಂದಿರಬಹುದು ಅಥವಾ ಹಲ್ಲು ಬಿರುಕು ಬಿಟ್ಟಿರಬಹುದು. ಅಂಥ ಹಲ್ಲಿಗೆ ಬೇಕಾದದ್ದು ಬೇರುನಾಳ ಚಿಕಿತ್ಸೆಯೋ ಇನ್ನೊಂದೋ ಎಂಬುದನ್ನು ಎಕ್ಸ್‌ರೇ ತೆಗೆಸಿ ತೀರ್ಮಾನಿಸಬೇಕು. ಪೇಸ್ಟು ಬದಲಿಸುತ್ತ ಕಳೆದ ತಿಂಗಳುಗಳಲ್ಲಿ, ಉಳಿಸಬಹುದಾಗಿದ್ದ ಹಲ್ಲು ಕೀಳುವ ಹಂತಕ್ಕೆ ಬಂದಿರುತ್ತದೆ.